ಕೊಂಪಿಯೆನ್ ಕಾಡಿನಲ್ಲಿ ಅಪ್ಪನೊಂದಿಗೆ ಮೂರು ದಿನ ಸೈಕಲ್ ಪ್ರವಾಸ: ಸಲಹೆ ಬೇಕು

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಎರಡು ವರ್ಷಗಳಿಂದ ಪ್ಯಾರಿಸ್ಸಿನಲ್ಲಿದ್ದೇನೆ. ಅಕ್ಟೋಬರ್ ಕೊನೆಯ ವಾರ ಅಪ್ಪ ಶಿವಮೊಗ್ಗದಿಂದ ಬರುತ್ತಿದ್ದಾರೆ. ಅವರಿಗೆ ಅರವತ್ತಾರು ವರ್ಷ. ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲವೂ ಸೈಕಲ್ಲಿನಲ್ಲೇ ಓಡಾಡಿದವರು, ಈಗಲೂ ಬೆಳಿಗ್ಗೆ ಹತ್ತು ಕಿಲೋಮೀಟರ್ ತುಳಿಯದಿದ್ದರೆ ಅವರಿಗೆ ತಿಂಡಿ ಸೇರುವುದಿಲ್ಲ. ಐಫೆಲ್ ಗೋಪುರವನ್ನು ಒಂದು ಸಲ ನೋಡಿದರೆ ಸಾಕು, ಆಮೇಲೆ ಮರಗಳಿರುವ ಕಡೆ ಕರೆದುಕೊಂಡು ಹೋಗು ಎಂದು ಫೋನಿನಲ್ಲಿ ಈಗಲೇ ಹೇಳಿಬಿಟ್ಟಿದ್ದಾರೆ.

ನನ್ನ ಯೋಚನೆ ಹೀಗಿದೆ. ಮೊದಲ ದಿನ ಪ್ಯಾರಿಸ್ಸಿನಿಂದ ಸೈಕಲ್‌ಗಳ ಸಮೇತ ರೈಲಿನಲ್ಲಿ ಕೊಂಪಿಯೆನ್‌ಗೆ ಹೋಗಿ, ಅರಮನೆಯನ್ನೂ ಕಾಡಿನಲ್ಲಿ ಮೊದಲ ಮಹಾಯುದ್ಧದ 1918ರ ಕದನವಿರಾಮಕ್ಕೆ ಸಹಿ ಬಿದ್ದ ಜಾಗವನ್ನೂ ನೋಡಿಕೊಂಡು, ಸಂಜೆಗೆ ಪಿಯೆರ್‌ಫೊಂ ಕೋಟೆಯ ಊರನ್ನು ಸೇರುವುದು. ಎರಡನೆಯ ದಿನ ಮೊರಿಯೆನ್ವಾಲ್ ಚರ್ಚು, ಶಾಂಪ್ಲಿಯೊದ ರೋಮನ್ ಅವಶೇಷಗಳು ಮತ್ತು ಸೆಂ ಜಾಂ ಓ ಬ್ವಾ ಎಂಬ ಕಾಡೊಳಗಿನ ಹಳ್ಳಿ. ಮೂರನೆಯ ದಿನ ರೆಟ್ಜ್ ಕಾಡನ್ನು ದಾಟಿ ವಿಲೆರ್ ಕೊತ್ರೆ ತಲುಪಿ, ಅಲ್ಲಿಂದ ರೈಲಿನಲ್ಲಿ ವಾಪಸ್ಸು. ಇದು ಹೆಚ್ಚಾಯಿತೇ? ಕಾಡಿನ ದಾರಿಗಳು ಸಾಮಾನ್ಯ ಸೈಕಲ್ಲಿಗೆ ಆಗುತ್ತವೆಯೇ? ಅಪ್ಪ ಶುದ್ಧ ಸಸ್ಯಾಹಾರಿ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

ವಾಜ್ ದಂಡೆ

ತುಂಗಾತೀರ ಅವರೇ, ಒಂಬತ್ತು ವರ್ಷಗಳಿಂದ ಇದೇ ಕಾಡಿನ ಪಕ್ಕದಲ್ಲಿ ವಾಸವಾಗಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ದೂರದ ಚಿಂತೆ ಬೇಡ. ಕೊಂಪಿಯೆನ್ ನಿಲ್ದಾಣದಿಂದ ಪಿಯೆರ್‌ಫೊಂಗೆ ನೇರವಾಗಿ ಹೋದರೆ ಸುಮಾರು ಹದಿನೈದು ಕಿ.ಮೀ., ಸುತ್ತಿಕೊಂಡು ಹೋದರೂ ಇಪ್ಪತ್ತೈದರ ಆಸುಪಾಸು. ನಡುವಿನ ಕಾಡು ಬಹುಪಾಲು ಸಮತಟ್ಟಾಗಿದೆ. ಏರು ಇರುವುದು ಪೂರ್ವದ ಅಂಚಿನ ಗುಡ್ಡಗಳಲ್ಲಿ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ, ಹಳೆಯ ಡಾಂಬರು ಹಾಕಿದ ಕಾಡುದಾರಿಗಳು ಬೇಕಾದಷ್ಟಿವೆ. ಪಿಯೆರ್‌ಫೊಂ ಕಡೆಗೆ ಪ್ರತ್ಯೇಕ ಸೈಕಲ್ ಪಥವೇ ಇದೆ. ಆದ್ದರಿಂದ ನಿಮ್ಮ ತಂದೆಯವರ ಕಾಲಿಗಿಂತ ನಿಮ್ಮ ಕಾಲು ಮೊದಲು ಸೋಲಬಹುದೆಂಬುದು ನನ್ನ ಅಂದಾಜು.

ಹೆಚ್ಚಾಗಿರುವುದು ದೂರವಲ್ಲ, ಪಟ್ಟಿ. ಎರಡನೆಯ ದಿನದ ಶಾಂಪ್ಲಿಯೊವನ್ನು ಬಿಟ್ಟುಬಿಡಿ. ಅಲ್ಲಿನ ರಂಗಮಂದಿರ, ಸ್ನಾನಗೃಹ, ದೇವಾಲಯದ ಅಡಿಪಾಯಗಳು ಚೆನ್ನಾಗಿಯೇ ಇವೆ, ಆದರೆ ಅವು ಕಾಡಿನ ದಕ್ಷಿಣದ ಕೊನೆಯಲ್ಲಿರುವುದರಿಂದ ಇಡೀ ದಿನ ಓಟವೇ ಆಗುತ್ತದೆ. ಮೊರಿಯೆನ್ವಾಲನ್ನು ಮೂರನೆಯ ದಿನದ ಬೆಳಿಗ್ಗೆಗೆ ಇಟ್ಟುಕೊಂಡರೆ ವಿಲೆರ್ ಕೊತ್ರೆಯ ದಾರಿಗೆ ಸುತ್ತು ಕಡಿಮೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ, ಗೋಥಿಕ್ ಶೈಲಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಕಟ್ಟಿದ ಕಮಾನುಪಟ್ಟಿಗಳ ಚಾವಣಿ ಅಲ್ಲಿದೆ. ಗರ್ಭಗುಡಿಯ ಹಿಂಬದಿಯ ಕಿರಿದಾದ ಓಣಿಗೆ ಹೋಗಿ ತಲೆಯೆತ್ತದಿದ್ದರೆ ಅದು ಕಾಣುವುದೇ ಇಲ್ಲ.

ಎರಡನೆಯ ದಿನವನ್ನು ಪೂರ್ತಿಯಾಗಿ ಕಾಡಿಗೇ ಕೊಡಿ. ಸುಮಾರು 14,000 ಹೆಕ್ಟೇರ್ ಇರುವ ಈ ಕಾಡಿನಲ್ಲಿ ಬೀಚ್ ಮತ್ತು ಓಕ್ ಮರಗಳದ್ದೇ ರಾಜ್ಯ. ಅಕ್ಟೋಬರ್ ಕೊನೆಗೆ ಬೀಚ್ ಎಲೆ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಪ್ರತಿ ಕೂಡುರಸ್ತೆಯಲ್ಲೂ ದಾರಿಗಳ ಹೆಸರು ಬರೆದ ಬಿಳಿಯ ಕಂಬವೊಂದಿರುತ್ತದೆ. ಅದರ ಮೇಲೆ ಸಣ್ಣ ಕೆಂಪು ಗುರುತೊಂದಿದ್ದು, ಅದು ತೋರಿಸುವುದು ಕೊಂಪಿಯೆನ್ ಅರಮನೆಯ ದಿಕ್ಕನ್ನು. ಮೂರನೆಯ ನೆಪೋಲಿಯನ್ನನ ರಾಣಿ ಯೂಜೆನಿ ಒಮ್ಮೆ ಕಾಡಿನಲ್ಲಿ ದಾರಿ ತಪ್ಪಿದ್ದರಿಂದ ಈ ವ್ಯವಸ್ಥೆ ಬಂತು ಎಂಬ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಗುರುತಂತೂ ಉಪಯೋಗಕ್ಕೆ ಬರುತ್ತದೆ.

ಇನ್ನೆರಡು ಎಚ್ಚರಿಕೆಗಳಿವೆ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ, ಹಾಗಾಗಿ ಸಂಜೆ ಐದೂವರೆಯ ಹೊತ್ತಿಗೇ ಸೂರ್ಯ ಮುಳುಗಿ ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲಾಗಿರುತ್ತದೆ. ಅದು ಬೇಟೆಯ ಕಾಲವೂ ಹೌದು. ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯಿರಿ. ಇಬ್ಬರೂ ಹೊಳೆಯುವ ಹಳದಿ ಅಥವಾ ಕಿತ್ತಳೆ ಬಣ್ಣದ ಮೇಲಂಗಿ ಹಾಕಿಕೊಳ್ಳಿ. ಊರ ಹೊರಗೆ ರಾತ್ರಿ ಅಥವಾ ಮಬ್ಬಿನಲ್ಲಿ ಸೈಕಲ್ ಓಡಿಸುವವರಿಗೆ ಇಲ್ಲಿ ಕಾನೂನಿನ ಪ್ರಕಾರವೂ ಅದು ಕಡ್ಡಾಯ.

ಊಟದ ವಿಷಯಕ್ಕೆ ಬಂದರೆ ಬ್ರೆಡ್ಡು, ಹಣ್ಣು, ಬೆಣ್ಣೆ ಎಲ್ಲ ಕಡೆಯೂ ಸಿಗುತ್ತವೆ. ಚೀಸಿನ ಮಾತು ಬೇರೆ. ಇಲ್ಲಿನ ಹೆಚ್ಚಿನ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲು ಒಡೆಯಿಸಲು ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥವನ್ನು ಬಳಸುತ್ತಾರೆ, ತಂದೆಯವರನ್ನು ಕೇಳಿಯೇ ಕೊಡಿ. ಈ ಸೀಮೆಯ ಹೆಸರಾಂತ ಫಿಸೆಲ್ ನೋಡಲು ನಮ್ಮ ದೋಸೆಯ ಸುರುಳಿಯಂತೆ ಇರುತ್ತದೆ, ಒಳಗೆ ಹಂದಿಮಾಂಸ ಇರುತ್ತದೆ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಕೆಲವು ಸೋಮವಾರ ತೆರೆಯುವುದೇ ಇಲ್ಲ. ನೀರು ಮುಗಿದರೆ ಸ್ಮಶಾನ ಹುಡುಕಿ. ಇಲ್ಲಿನ ಸೈಕಲ್ ಸವಾರರೆಲ್ಲ ಬಲ್ಲ ಉಪಾಯ ಅದು: ಊರಿನ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಗಾಲಿಕಡ್ಡಿ

ಸೈಕಲ್ಲಿನ ಬಗ್ಗೆ ಎರಡು ಮಾತು. ತೆಳು ಟೈರಿನ ರೇಸ್ ಸೈಕಲ್ ಬೇಡ. ನಲವತ್ತು ಮಿಲಿಮೀಟರ್ ಅಗಲದ ಟೈರು, ಎರಡೂ ಕಡೆ ಮಡ್‌ಗಾರ್ಡು, ಹಿಂದೆ ಗಟ್ಟಿ ಕ್ಯಾರಿಯರ್ ಇದ್ದರೆ ಸಾಕು. ಒದ್ದೆಯಾದ ಬೀಚ್ ಎಲೆ ಸೋಪಿನಂತೆ ಜಾರುತ್ತದೆ, ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿಯಬೇಡಿ.

ನಿಮ್ಮ ತಂದೆಯವರಿಗೆ ಒಂದು ವಿಷಯವನ್ನು ಮೊದಲೇ ತೋರಿಸಿಕೊಡಿ. ನಮ್ಮೂರಿನ ಸೈಕಲ್ ಟ್ಯೂಬಿನ ವಾಲ್ವ್ ಬೇರೆ, ಫ್ರಾನ್ಸಿನಲ್ಲಿ ಹೆಚ್ಚಾಗಿ ಕಾಣುವ ಪ್ರೆಸ್ತಾ ವಾಲ್ವ್ ಬೇರೆ. ಅದು ಸಣ್ಣಗೆ, ಉದ್ದಕ್ಕಿರುತ್ತದೆ. ತುದಿಯ ಪುಟ್ಟ ತಿರುಪನ್ನು ಸಡಿಲಿಸಿ ಒಮ್ಮೆ ಒತ್ತಿದ ಮೇಲೆಯೇ ಗಾಳಿ ಒಳಗೆ ಹೋಗುವುದು. ಇದು ತಿಳಿಯದೆ ನಾನು ಮೊದಲ ವರ್ಷ ಅರ್ಧ ಗಂಟೆ ಪಂಪು ಒತ್ತಿ ಬೆವರಿದ್ದೇನೆ.

ರೈಲಿನಲ್ಲಿ ಸೈಕಲ್ಲಿನ ಜಾಗ ಸೀಮಿತ. ಕಚೇರಿಗೆ ಹೋಗಿ ಬರುವವರ ಹೊತ್ತನ್ನು ಬಿಟ್ಟು ಹೊರಡಿ.

ಹಳೆಯ ಶಾಸನ

ನಾನು ಧಾರವಾಡದಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವನು, ಮಗನ ಮನೆಗೆ ಬಂದಿದ್ದಾಗ ಎರಡು ಸಲ ಈ ಕಾಡಿಗೆ ಹೋಗಿದ್ದೇನೆ. ಮೂಲ ಯೋಜನೆಯಲ್ಲಿ ಅರಮನೆ, ಕೋಟೆ, ಚರ್ಚುಗಳು ಐತಿಹಾಸಿಕ ತಾಣಗಳಾಗಿಯೂ ಕಾಡು ಅವುಗಳ ನಡುವಿನ ದಾರಿಯಾಗಿಯೂ ಕಾಣುತ್ತಿದೆ. ನನ್ನ ದೃಷ್ಟಿಯಲ್ಲಿ ಅಲ್ಲಿನ ಎಲ್ಲಕ್ಕಿಂತ ದೊಡ್ಡ ಐತಿಹಾಸಿಕ ಕಟ್ಟಡವೆಂದರೆ ಕಾಡೇ. ಕಟ್ಟಡ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ.

ನಮ್ಮ ಕಡೆಯ ಕಾಡಿನಲ್ಲಿ ದಾರಿ ಎಂಬುದು ಹಳ್ಳ, ಗುಡ್ಡ, ದನಗಳ ಓಡಾಟ ಇವನ್ನು ಅನುಸರಿಸಿ ಬಳುಕುತ್ತದೆ. ಕೊಂಪಿಯೆನ್‌ನಲ್ಲಿ ದಾರಿಗಳು ದಾರ ಹಿಡಿದು ಎಳೆದಷ್ಟು ನೇರವಾಗಿದ್ದು, ನಕ್ಷತ್ರದ ಆಕಾರದಲ್ಲಿ ಬಂದು ಕೂಡುತ್ತವೆ. ಕಾರಣ ಬೇಟೆ. ರಾಜ ಒಂದು ಕೂಡುರಸ್ತೆಯಲ್ಲಿ ಕುದುರೆ ನಿಲ್ಲಿಸಿದರೆ ಎಂಟು ದಿಕ್ಕಿನಲ್ಲಿ ಯಾವ ದಾರಿಯನ್ನು ಜಿಂಕೆ ದಾಟಿತೆಂಬುದು ಕಾಣಬೇಕು, ನಾಯಿಗಳ ಬೊಗಳಾಟ ಎತ್ತ ಸಾಗಿತೋ ಅತ್ತ ಕುದುರೆ ಓಡಿಸಲು ದಾರಿ ತೆರೆದಿರಬೇಕು. ಒಂದನೆಯ ಫ್ರಾನ್ಸ್ವಾ ರಾಜನ ಕಾಲದಲ್ಲಿ, ಎಂದರೆ ಹದಿನಾರನೆಯ ಶತಮಾನದಲ್ಲಿ, ‘ರಾಜನ ಬಾವಿ’ ಎಂಬ ಕೂಡುರಸ್ತೆಯಿಂದ ಎಂಟು ದಾರಿಗಳನ್ನು ಕಡಿಸಿದರು. ಹದಿನಾಲ್ಕನೆಯ ಮತ್ತು ಹದಿನೈದನೆಯ ಲೂಯಿಗಳು ಅದಕ್ಕೆ ಇನ್ನಷ್ಟು ಸೇರಿಸಿದರು. ಅರಮನೆಯ ಹಿಂಭಾಗದಿಂದ ಬೋ ಮೊಂ ಗುಡ್ಡದವರೆಗೆ ಕಾಡನ್ನು ಸೀಳಿಕೊಂಡು ಹೋಗುವ ಹುಲ್ಲಿನ ಹಾದಿ 1810ರದು; ಆಸ್ಟ್ರಿಯದಿಂದ ಬಂದ ಹೊಸ ರಾಣಿ ಮರಿ ಲೂಯಿಸಳಿಗೆ ತವರಿನ ಷೋನ್‌ಬ್ರುನ್ ಅರಮನೆಯ ನೋಟ ನೆನಪಾಗಲೆಂದು ನೆಪೋಲಿಯನ್ ಅದನ್ನು ತೆರೆಸಿದ. ಇವನ್ನು ಕಾರಿನಲ್ಲಿ ಹೋಗಿ ನೋಡಿದರೆ ಏನೂ ತಿಳಿಯುವುದಿಲ್ಲ, ನಡೆದರೆ ಒಂದು ನಕ್ಷತ್ರ ಮುಗಿಯುವಷ್ಟರಲ್ಲಿ ದಿನ ಮುಗಿಯುತ್ತದೆ. ಕುದುರೆಯ ವೇಗಕ್ಕಾಗಿ ಅಳೆದು ಮಾಡಿದ ಈ ಕಾಡಿನ ಲೆಕ್ಕಾಚಾರ ಸೈಕಲ್ಲಿನ ವೇಗದಲ್ಲಿ ಇವತ್ತಿಗೂ ಸರಿಹೊಂದುತ್ತದೆ.

ಕೊಂಪಿಯೆನ್ ಎಂದರೆ 1918 ಎಂದಷ್ಟೇ ಪ್ರವಾಸಿಗರು ತಿಳಿದಿರುತ್ತಾರೆ. ಜೋನ್ ಆಫ್ ಆರ್ಕ್ ಸೆರೆಸಿಕ್ಕಿದ್ದು 1430ರ ಮೇ 23ರಂದು ಇದೇ ಊರಿನ ಹೊರಗೆ. ಊರಿನ ಇನ್ನೊಂದು ಮಗ್ಗುಲಲ್ಲಿ ರ್ವಾಯಾಲಿಯೂ ಎಂಬಲ್ಲಿ 1941ರಿಂದ 1944ರವರೆಗೆ ಜರ್ಮನ್ನರು ನಡೆಸಿದ ಬಂಧನ ಶಿಬಿರವಿತ್ತು. ಫ್ರಾನ್ಸಿನಿಂದ ಯಹೂದಿಗಳನ್ನು ನಾಜಿಗಳ ಹತ್ಯಾ ಶಿಬಿರವಾದ ಆಶ್‌ವಿಟ್ಸ್‌ಗೆ ಒಯ್ದ ಮೊದಲ ರೈಲು 1942ರ ಮಾರ್ಚ್ 27ರಂದು ಹೊರಟಾಗ ಅದರಲ್ಲಿ ಈ ಶಿಬಿರದವರೂ ಇದ್ದರು. ಈಗ ಅಲ್ಲಿ ಸ್ಮಾರಕವಿದೆ. ಸಂತೋಷದ ಪ್ರವಾಸದಲ್ಲಿ ಅಲ್ಲಿಗೆ ಹೋಗಬೇಕೇ ಎಂಬುದನ್ನು ನೀವೇ ನಿರ್ಧರಿಸಿ. ನಾನು ಎರಡನೆಯ ಸಲ ಹೋದೆ.

ಪಿಯೆರ್‌ಫೊಂ ಕೋಟೆಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಅದನ್ನು ಮಧ್ಯಯುಗದ ಕೋಟೆ ಎಂದು ನೋಡಿ ಬರುವುದು ಮೋಸಹೋದಂತೆ. ಮೂಲ ಕೋಟೆಯನ್ನು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಲೂಯಿ ದೋರ್ಲಿಯಾಂ ಕಟ್ಟಿಸಿದ್ದು ನಿಜ. 1617ರಲ್ಲಿ ಅದನ್ನು ಕೆಡವಲಾಯಿತು, ಎರಡು ಶತಮಾನಗಳಿಗೂ ಹೆಚ್ಚು ಕಾಲ ಅದು ಪಾಳುಬಿದ್ದಿತ್ತು. ಈಗ ಕಾಣುವುದು 1857ರಿಂದ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಮೂರನೆಯ ನೆಪೋಲಿಯನ್ನನಿಗಾಗಿ ಕಟ್ಟಿದ್ದು.

ವಾಜ್ ದಂಡೆ

ಹಳೆಯ ಶಾಸನ ಅವರೇ, ಕಾಡಿನ ಬಗ್ಗೆ ನೀವು ಬರೆದದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕಾಡನ್ನು ಕಟ್ಟಡ ಎಂದು ಒಪ್ಪಿದವರು ಪಿಯೆರ್‌ಫೊಂ ಮೇಲೆ ಸಿಟ್ಟಾಗುವುದು ಸರಿಯಲ್ಲ. ದುರಸ್ತಿ ಎಂದರೆ ಹಿಂದೆ ಯಾವ ಕಾಲದಲ್ಲೂ ಹಾಗೆಯೇ ಇದ್ದಿರದ ಒಂದು ಪರಿಪೂರ್ಣ ಸ್ಥಿತಿಗೆ ಕಟ್ಟಡವನ್ನು ತರುವುದು ಎಂಬರ್ಥದಲ್ಲಿ ವಿಯೊಲೆ ಲ ದ್ಯುಕ್ ತಾನೇ ಬರೆದುಕೊಂಡಿದ್ದ, ಏನನ್ನೂ ಮುಚ್ಚಿಡಲಿಲ್ಲ. 1879ರಲ್ಲಿ ಅವನು ತೀರಿಕೊಂಡ ಮೇಲೆ ಕೆಲಸ ಕುಂಟುತ್ತಾ ಸಾಗಿ 1885ರಲ್ಲಿ ನಿಂತೇಹೋಯಿತು. ಅಲಂಕಾರವಿಲ್ಲದೆ ಬರಿದಾಗಿ ಉಳಿದ ಕೋಣೆಗಳು ಈಗಲೂ ಇವೆ, ನನಗೆ ಆ ಕೋಟೆಯಲ್ಲಿ ತುಂಬ ಇಷ್ಟವಾದದ್ದು ಅವೇ. ಹತ್ತೊಂಬತ್ತನೆಯ ಶತಮಾನ ತನ್ನ ಹಿಂದಿನ ಕಾಲವನ್ನು ಹೇಗೆ ಕನಸು ಕಂಡಿತು ಎಂಬುದಕ್ಕೆ ಅದು ನೂರಕ್ಕೆ ನೂರು ನಿಜವಾದ ದಾಖಲೆ.

ಹಳೆಯ ಶಾಸನ

ದಾಖಲೆ ಎಂದು ಒಪ್ಪುತ್ತೇನೆ. ಟಿಕೆಟ್ ಕೊಡುವಲ್ಲಿಯೇ ದೊಡ್ಡ ಅಕ್ಷರದಲ್ಲಿ ಹಾಗೆ ಬರೆದಿದ್ದರೆ ನನಗೆ ತಕರಾರೇ ಇರುತ್ತಿರಲಿಲ್ಲ.

ತುಂಗಾತೀರ

ಹೋಗಿ ಬಂದು ಐದು ದಿನವಾಯಿತು. ನಿಮ್ಮೆಲ್ಲರ ಸಲಹೆ ಇಲ್ಲದಿದ್ದರೆ ನಾವು ಪಟ್ಟಿ ಹಿಡಿದು ಓಡುತ್ತಿದ್ದೆವು ಎಂಬುದರಲ್ಲಿ ಸಂಶಯವಿಲ್ಲ, ಹಾಗಾಗಿ ವಿವರವಾಗಿ ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ದಿನ ಕೊಂಪಿಯೆನ್‌ನಲ್ಲಿ ಇಳಿದಾಗ ಹನಿಮಳೆ ಇತ್ತು. ಅಪ್ಪ ಅರಮನೆಯ ಒಳಗಿನ ಚಿನ್ನದ ಕುರ್ಚಿಗಳಿಗೆ ಹತ್ತು ನಿಮಿಷ ಕೊಟ್ಟು, ಅದರ ಮುಂದಿನ ಚೌಕದಲ್ಲಿ ಅರ್ಧ ಗಂಟೆ ನಿಂತರು. ಪ್ಯಾರಿಸ್ ರೂಬೇ ಸೈಕಲ್ ರೇಸು 1977ರಿಂದ ಹೊರಡುವುದು ಈ ಊರಿನಿಂದ ಎಂದು ನಾನು ಹೇಳಿದ್ದೇ ತಪ್ಪಾಯಿತು. ಹೆಸರಿನಲ್ಲಿ ಪ್ಯಾರಿಸ್ ಇಟ್ಟುಕೊಂಡು ಎಂಬತ್ತು ಕಿಲೋಮೀಟರ್ ಆಚೆಯಿಂದ ಹೊರಡುವುದು ಯಾವ ನ್ಯಾಯ ಎಂದು ಅವರು ಸಂಜೆಯವರೆಗೂ ಕೇಳುತ್ತಲೇ ಇದ್ದರು.

ಕದನವಿರಾಮದ ಬಯಲಿಗೆ ಹೋದಾಗ ನಾವಲ್ಲದೆ ಬೇರೆ ನಾಲ್ಕೇ ಜನ ಇದ್ದರು. ಭಾರಿ ಫಿರಂಗಿಗಳನ್ನು ಹೊತ್ತ ರೈಲುಗಳಿಗಾಗಿ ಕಾಡಿನೊಳಗೆ ಹಾಕಿದ್ದ ಹಳಿಗಳ ಮೇಲೆ ಒಂದು ಕಡೆ ಮಿತ್ರಪಡೆಗಳ ದಂಡನಾಯಕ ಫೋಶ್ ಅವರ ರೈಲು, ಇನ್ನೊಂದು ಕಡೆ ಜರ್ಮನ್ ನಿಯೋಗದ ರೈಲು ನಿಂತಿದ್ದ ಜಾಗಗಳನ್ನು ಗುರುತಿಸಿದ್ದಾರೆ. ಬೆಳಗಿನ ಜಾವ ಐದು ಗಂಟೆ ದಾಟಿದ ಮೇಲೆ ಸಹಿ ಬಿದ್ದರೂ ಗುಂಡು ನಿಂತದ್ದು ಹನ್ನೊಂದಕ್ಕೆ ಎಂದು ಓದಿದಾಗ, ಆ ನಡುವಿನ ಆರು ಗಂಟೆಗಳಲ್ಲಿ ಸತ್ತವರ ಮನೆಯವರಿಗೆ ಏನೆಂದು ಹೇಳಿದರೋ ಎಂದು ಅಪ್ಪ ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ಸಹಿ ನಡೆದದ್ದು ಫೋಶ್ ಅವರ ರೈಲಿನ ಒಂದು ಡಬ್ಬಿಯಲ್ಲಿ. ಈಗ ಅಲ್ಲಿರುವ ರೈಲುಡಬ್ಬಿ ಅಸಲಿಯದಲ್ಲ, ಅದೇ ಸರಣಿಯ ಇನ್ನೊಂದು. ಅಸಲಿಯಲ್ಲೇ 1940ರ ಜೂನ್ 22ರಂದು ಸೋತ ಫ್ರಾನ್ಸಿನಿಂದ ಕದನವಿರಾಮಕ್ಕೆ ಸಹಿ ಹಾಕಿಸಿಕೊಂಡ ಹಿಟ್ಲರ್ ಅದನ್ನು ಬರ್ಲಿನ್ನಿಗೆ ಸಾಗಿಸಿದ, 1945ರಲ್ಲಿ ಅದು ನಾಶವಾಯಿತು. ಸುತ್ತಲಿನ ಸ್ಮಾರಕಗಳನ್ನೆಲ್ಲ ಒಡೆಸಿ, ಫೋಶ್ ಪ್ರತಿಮೆಯನ್ನು ಮಾತ್ರ ಬರಿಯ ಬಯಲನ್ನು ನೋಡುತ್ತಾ ನಿಲ್ಲಲೆಂದು ಬಿಟ್ಟಿದ್ದನಂತೆ.

ಅಲ್ಲಿಂದ ವ್ಯೋ ಮುಲೆಂ ಎಂಬ ಹಳ್ಳಿಯ ಕಡೆ ಬರುವಾಗ ನನ್ನ ಹಿಂದಿನ ಟೈರು ಪಂಕ್ಚರ್ ಆಯಿತು. ಟ್ಯೂಬು ಬದಲಿಸಲು ಅಪ್ಪನಿಗೆ ಆರು ನಿಮಿಷ ಸಾಕಾಯಿತು. ಗಾಲಿಕಡ್ಡಿ ಅವರು ಹೇಳಿದ ಪ್ರೆಸ್ತಾ ತಿರುಪನ್ನು ಸಡಿಲಿಸುವುದು ಮಾತ್ರ ಇಬ್ಬರಿಗೂ ಮರೆತುಹೋಗಿ ಕಾಲು ಗಂಟೆ ಪಂಪಿನೊಂದಿಗೆ ಹೋರಾಡಿದೆವು. ನೆನಪಾದದ್ದು ಅಪ್ಪನಿಗೇ.

ಎರಡನೆಯ ದಿನದ ಬಗ್ಗೆ ಎಷ್ಟು ಬರೆದರೂ ಸಾಲದು. ಪಿಯೆರ್‌ಫೊಂನಲ್ಲಿ ಭಾರವನ್ನೆಲ್ಲ ಇಳಿಸಿ, ಬ್ರೆಡ್ಡು ಮತ್ತು ಊರಿನಿಂದ ಬಂದ ಚಟ್ನಿಪುಡಿಯನ್ನು ಮಾತ್ರ ಕಟ್ಟಿಕೊಂಡು ಹೊರಟೆವು. ಸೆಂ ಜಾಂ ಓ ಬ್ವಾ ಸುತ್ತಲೂ ಕಾಡಿರುವ ಪುಟ್ಟ ಊರು. ಹಿಂದೆ ಸನ್ಯಾಸಿನಿಯರ ಮಠವಿದ್ದ ಜಾಗ, ಅವರ ಚರ್ಚು ಈಗಲೂ ನಿಂತಿದೆ. ನೀರು ತುಂಬಿಸಿಕೊಳ್ಳಲು ಹತ್ತಿರದ ಸ್ಮಶಾನಕ್ಕೆ ಹೋದರೆ ಅಲ್ಲಿ ನಾಲ್ಕೈದು ಮನೆಯವರು ಸಮಾಧಿಗಳನ್ನು ತೊಳೆದು ಸೇವಂತಿಗೆಯ ಕುಂಡಗಳನ್ನು ಇಡುತ್ತಿದ್ದರು. ನವೆಂಬರ್ 1ರಂದು ಇಲ್ಲಿ ಹಿರಿಯರನ್ನು ನೆನೆಯುವ ರೂಢಿ, ಸೇವಂತಿಗೆ ಆ ದಿನದ ಹೂವು. ಮನೆಗೆ ಕರೆದವರಿಗೆ ಅದನ್ನು ಕೊಂಡೊಯ್ದರೆ ಅಪಶಕುನವೆಂದು ಭಾವಿಸುತ್ತಾರೆ ಎಂದು ನಾನು ಹೇಳಿದೆ. ದಸರೆಯಲ್ಲಿ ಮಾರುಗಟ್ಟಲೆ ಸೇವಂತಿಗೆ ತಂದು ಬಾಗಿಲಿಗೆ ಕಟ್ಟುವ ಅಪ್ಪ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ನಮ್ಮಲ್ಲಿ ಪಕ್ಷದ ಹದಿನೈದು ದಿನ ಮುಗಿದರೆ ನವರಾತ್ರಿ ಬರುತ್ತದೆ, ಇವರು ಎರಡಕ್ಕೂ ಸೇರಿಸಿ ಒಂದೇ ಹೂವು ಇಟ್ಟುಕೊಂಡಿದ್ದರೆ ಸರಿಹೋಗುತ್ತಿತ್ತು ಎಂದರು.

ರಾಜನ ಬಾವಿಗೆ ತಲುಪುವಷ್ಟರಲ್ಲಿ ದಟ್ಟ ಮಂಜು ಇಳಿಯಿತು. ಎಂಟು ದಾರಿಗಳ ನಡುವೆ ನಿಂತರೆ ಎಂಟೂ ಒಂದೇ ರೀತಿ ಇಪ್ಪತ್ತು ಮೀಟರ್ ಹೋಗಿ ಬೆಳ್ಳಗೆ ಕರಗುತ್ತಿದ್ದವು. ಬಂದದ್ದು ಯಾವುದರಿಂದ ಎಂಬುದೇ ಮರೆಯಿತು, ಫೋನಿಗೆ ಸಿಗ್ನಲ್ ಇರಲಿಲ್ಲ, ಸೂರ್ಯನ ಸುಳಿವಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಅಪ್ಪ ಬಿಳಿಯ ಕಂಬವನ್ನು ಸುತ್ತಿ ಬಂದು ಕೆಂಪು ಗುರುತನ್ನು ಹುಡುಕಿದರು. ಅರಮನೆ ಉತ್ತರಕ್ಕಿದೆ ತಾನೇ, ಹಾಗಾದರೆ ಕೆಂಪಿನ ಕಡೆ ಮುಖ ಮಾಡಿ ನಿಂತು ಬಲಗೈ ಚಾಚು, ಅದೇ ಪೂರ್ವ, ಅದೇ ನಮ್ಮ ಕೋಟೆ ಎಂದರು. ನಾಲ್ಕನೇ ತರಗತಿಯ ಮಕ್ಕಳಿಗೆ ಹೇಳುವ ದನಿ ಅದು. ನಾನು ಕೈ ಚಾಚಿಯೇ ನಿಂತೆ. ಆ ದಾರಿಯಲ್ಲಿ ಹೋಗಿ, ಪ್ರತಿ ಕಂಬದಲ್ಲೂ ಅದೇ ಲೆಕ್ಕ ಹಾಕುತ್ತಾ, ಎರಡು ಸಲ ಕೆಸರಿನಲ್ಲಿ ಸೈಕಲ್ ತಳ್ಳಿಕೊಂಡು, ಕತ್ತಲಾಗುವ ಮುನ್ನ ಪಿಯೆರ್‌ಫೊಂ ಸೇರಿದೆವು.

ಮೂರನೆಯ ದಿನ ಬೆಳಿಗ್ಗೆ ಮೊರಿಯೆನ್ವಾಲ್ ಚರ್ಚಿನ ಬಾಗಿಲು ತೆರೆದಿತ್ತು, ಹಿಂಬದಿಯ ಓಣಿಯಲ್ಲಿ ತಲೆಯೆತ್ತಿ ನೋಡಿದೆವು. ರೆಟ್ಜ್ ಕಾಡಿನಲ್ಲಿ ಮರಗಳು ಇನ್ನೂ ಎತ್ತರ, ಜನ ಇನ್ನೂ ಕಡಿಮೆ. ಆದರೆ ಒಂದು ಏರಿನಲ್ಲಿ ನಾನು ಇಳಿದು ತಳ್ಳಿದೆ, ಅಪ್ಪ ಇಳಿಯಲಿಲ್ಲ.

ವಿಲೆರ್ ಕೊತ್ರೆಯ ಕೋಟೆಯಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಉಳಿದೆವು. ಬಹುಕಾಲ ನಿರ್ಗತಿಕರ ಆಶ್ರಯವೂ ವೃದ್ಧಾಶ್ರಮವೂ ಆಗಿದ್ದ ಈ ಕಟ್ಟಡದಲ್ಲಿ 2023ರಿಂದ ಫ್ರೆಂಚ್ ಭಾಷೆಗೇ ಮೀಸಲಾದ ಸಂಸ್ಥೆಯೊಂದಿದೆ. ಒಳ ಅಂಗಳದ ಗಾಜಿನ ಚಾವಣಿಯಿಂದ ಪದಗಳನ್ನು ತೂಗುಬಿಟ್ಟಿದ್ದಾರೆ. 1539ರಲ್ಲಿ ಒಂದನೆಯ ಫ್ರಾನ್ಸ್ವಾ ಇಲ್ಲಿಂದಲೇ ಹೊರಡಿಸಿದ ಶಾಸನದ ಪ್ರಕಾರ ನ್ಯಾಯಾಲಯದ ಕಾಗದಗಳೆಲ್ಲ ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲಿರಬೇಕಾಯಿತು. ಕಚೇರಿಯ ಸುತ್ತೋಲೆಗಳಿಗೆ ಕನ್ನಡದಲ್ಲೇ ಉತ್ತರ ಬರೆದು ಮೇಲಧಿಕಾರಿಗಳ ಮುನಿಸು ಕಟ್ಟಿಕೊಂಡಿದ್ದ ಅಪ್ಪನಿಗೆ ಇದು ಸ್ವಂತ ಗೆಲುವಿನಂತೆ ಕಂಡಿತು.

ಹಳೆಯ ಶಾಸನ

ಓದಿ ಬಹಳ ಸಂತೋಷವಾಯಿತು. ತಂದೆಯವರಿಗೆ ಒಂದು ಅಡಿಟಿಪ್ಪಣಿಯನ್ನು ತಲುಪಿಸಿ. ಆ ಶಾಸನದ 192 ವಿಧಿಗಳಲ್ಲಿ ಭಾಷೆಗೆ ಸಂಬಂಧಿಸಿದವು 110 ಮತ್ತು 111 ಮಾತ್ರ. ‘ಫ್ರೆಂಚ್ ಮಾತೃಭಾಷೆ’ ಎಂಬ ಮಾತಿನಿಂದ ಲ್ಯಾಟಿನ್ನನ್ನಷ್ಟೇ ಹೊರಗಿಟ್ಟರೋ, ದಕ್ಷಿಣದ ಓಕ್ಸಿತಾನ್‌ನಂಥ ನುಡಿಗಳನ್ನೂ ಸೇರಿಸಿಯೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ನಡೆಯುತ್ತಿದೆ. ಕನ್ನಡವನ್ನು ಆಡಳಿತ ಭಾಷೆಯಾಗಿಸಿದ ನಮ್ಮ ರಾಜ್ಯದ 1963ರ ರಾಜಭಾಷಾ ಅಧಿನಿಯಮದೊಂದಿಗೆ ಹೋಲಿಸುವುದಾದರೆ ಆ ಎರಡನೆಯ ವಾದವನ್ನು ಮರೆಯಬಾರದು. ಅಂದಹಾಗೆ, ಪಿಯೆರ್‌ಫೊಂ ಕೋಟೆಯ ಬಗ್ಗೆ ತಂದೆಯವರು ಏನೆಂದರು? ವರದಿಯಲ್ಲಿ ಅದೊಂದೇ ಇಲ್ಲ.

ತುಂಗಾತೀರ

ಒಳಗೆ ಹೋಗಲು ಆಗಲೇ ಇಲ್ಲ, ಸರ್. ಮೊದಲ ದಿನ ತಲುಪುವಷ್ಟರಲ್ಲಿ ಬಾಗಿಲು ಹಾಕಿತ್ತು, ಎರಡನೆಯ ದಿನ ಮಂಜಿನಲ್ಲಿ ತಡವಾಯಿತು, ಮೂರನೆಯ ದಿನ ಕಾಯುವ ತಾಳ್ಮೆ ಅಪ್ಪನಿಗಿರಲಿಲ್ಲ. ಕೋಣೆಯ ಕಿಟಕಿಯಿಂದ ಎರಡು ರಾತ್ರಿ ಅದರ ಗೋಪುರಗಳನ್ನು ನೋಡಿದೆವು. ಹೊಸ ಕಟ್ಟಡ ಎಂದು ನೀವು ಬರೆದದ್ದನ್ನು ಓದಿ ಹೇಳಿದ್ದಕ್ಕೆ, 1857 ಹೊಸದಾದರೆ ನಾನು ಪಾಠ ಮಾಡಿದ ಶಾಲೆಯನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದರು.

ಗಾಲಿಕಡ್ಡಿ

ವಾಪಸ್ಸು ಬರುವಾಗ ರೈಲಿನಲ್ಲಿ ಸೈಕಲ್ಲಿಗೆ ಜಾಗ ಸಿಕ್ಕಿತೇ? ಮುಂದಿನ ತಿಂಗಳು ನಾನೂ ಅದೇ ದಾರಿಯಲ್ಲಿ ಹೋಗಬೇಕೆಂದಿದ್ದೇನೆ.

ತುಂಗಾತೀರ

ಸಿಕ್ಕಿತು, ಆದರೆ ಸಂಜೆಯ ಗಾಡಿ ತುಂಬಿತ್ತು. ಎರಡು ಸೈಕಲ್‌ಗಳನ್ನು ಬಾಗಿಲ ಬಳಿ ನಿಲ್ಲಿಸಿ ಪ್ಯಾರಿಸ್ಸಿನವರೆಗೂ ಹಿಡಿದುಕೊಂಡೇ ನಿಂತೆವು. ಒಂದು ಗಾಡಿ ಮುಂಚೆ ಹೊರಡಿ. ಮಡ್‌ಗಾರ್ಡಿನೊಳಗೆ ಸಿಕ್ಕಿಕೊಂಡ ಎಲೆಗಳನ್ನು ನಿಲ್ದಾಣದಲ್ಲೇ ತೆಗೆದುಬಿಡಿ, ನಮ್ಮವು ಡಬ್ಬಿಯ ತುಂಬ ಉದುರಿದವು.